ಉಸುಕಿನ ಮೇಲೆ ಮಲಗಿಸಿದ ಬಾಗಿಲು

ನಾನು ಕಪನೂರಿನ ಬಡಗಿ ಮೌನೇಶ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೊಸ ಬಾಗಿಲು ಕೂರಿಸುವ ಕೆಲಸಕ್ಕೆ ಹೋದಾಗ ಕಮಲಾಪುರದ ಹಳೆಯ ಚರ್ಚಿನ ಬಾಗಿಲನ್ನು ನೋಡಿದೊಡನೆ ಮರುಳಾಗಿದ್ದೆ. ಸಾಗವಾನಿಯ ಒಂಟಿ ಕದ, ತುದಿಯಲ್ಲಿ ಚೂಪು ಕಮಾನು, ಮೈತುಂಬ ದಪ್ಪ ತಲೆಯ ಕಬ್ಬಿಣದ ಮೊಳೆಗಳು.

ಹಳೆಯ ಬಾಗಿಲು ಕಳಚುವ ಮೊದಲು ನಾವು ಹೊಸ್ತಿಲಿಗೆ ಕಾಯಿ ಒಡೆಯುತ್ತೇವೆ. ಜೊತೆಗಾರ ಖಂಡೆಪ್ಪ ಕಾಯಿ ತಂದೂ ಇದ್ದ.

"ಚರ್ಚಿಗಿ ಎಂಥಾ ಕಾಯಿ, ಬಿಡಣ್ಣಾ" ಎಂದೆ ನಾನು.

ಬಾಗಿಲು ಕಳಚಿ, ಅಂಗಳದ ಉಸುಕಿನ ಮೇಲೆ ಒಳಮೈ ಕೆಳಗಾಗಿ ಮಲಗಿಸಿದೆವು. ಚೌಕಟ್ಟಿನ ಅಳತೆಗೆಂದು ನಾನು ಒಳಗೆ ಹೋದೆ. ಉರಿಬಿಸಿಲಿನ ಮಧ್ಯಾಹ್ನ ಫಕ್ಕನೆ ಕತ್ತಲಾಯಿತು. ತಿರುಗಿದರೆ ಬಾಗಿಲು ಮುಚ್ಚಿತ್ತು! ಮುಟ್ಟಿದರೆ ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗೆ. ಬಡಿದೆ, ಪರಚಿದೆ. ನಾನು ಕೈ ನಿಲ್ಲಿಸಿದರೂ ನನ್ನ ಮೊಣಕಾಲಿನ ಬಳಿ ಬಡಿತ ನಿಲ್ಲಲಿಲ್ಲ.

"ಅಣ್ಣಾ, ಬಾಗ್ಲಾ ತಗಿ!"

ಖಂಡೆಪ್ಪನ ದನಿ ಹೊರಗಿನಿಂದ ಬಂತು. "ಬಾಗ್ಲಾ ಇಲ್ಲೇ ಉಸುಕಿನ್ಯಾಗ ಬಿದ್ದದಲೋ ಮೌನೇಶ! ಇದರ ಬುಡಕ ಯಾರು ಬಡಿಯಾಕತ್ತಾರ?"

ಅವನು ಹಾರೆ ಹಾಕಿ ಬಾಗಿಲನ್ನು ಮಗುಚಿದ. ಒಳಗೆ ಬೆಳಕು ಬಿತ್ತು. ಓಡಿ ಹೊರಬಿದ್ದೆ.

ಉಸುಕಿಗೆ ಅಂಟಿದ್ದ ಒಳಮೈಯಲ್ಲಿ, ಎದೆಯೆತ್ತರಕ್ಕೆ ನನ್ನ ಉಗುರಿನ ಗೀರುಗಳಿದ್ದವು. ಮೊಣಕಾಲೆತ್ತರಕ್ಕೆ ಪುಟ್ಟ ಬೆರಳುಗಳ ಗೀರುಗಳೂ ಇದ್ದವು, ಅಷ್ಟೇ ಹಸಿಯಾಗಿ.

ಹೊರಗೆ ಬಂದದ್ದು ನಾನೊಬ್ಬನೇ.