ಗೋಡೆಯೊಳಗಿನ ಬಸ್ಸು

ಗೋಡೆಗೂ ಕಿವಿಯಿದೆ ಎಂದವರು ಹಿರಿಯರು. ಆ ಗೋಡೆಗೆ ಬಾಯಿ ಕೊಟ್ಟವರು ಡಾ. ಐರಿನ್ ಲೋಬೊ. ಅವರ ‘ಭಿತ್ತಿಧ್ವನಿಶೋಧಕ’ ಆ ಬೆಳಿಗ್ಗೆ ಸರ್ಕಾರದ ಹಳೆಯ ಉಗ್ರಾಣವೊಂದರ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ಗುಂಯ್‌ಗುಡುತ್ತಿತ್ತು. ಎದುರಿಗೆ ನ್ಯಾಯಾಧೀಶರು, ಸರ್ಕಾರದ ವಕೀಲರು, ಮಾನವ ಹಕ್ಕುಗಳ ಒಕ್ಕೂಟದವರು, ಜೊತೆಗೆ ರೊಟ್ಟಿಯ ಗಂಟು ಹಿಡಿದು ನಿಂತ ನೀಲವ್ವ.

ನೀಲವ್ವನ ಗಂಡ ಮಡಿವಾಳಪ್ಪ ಬಸ್ ಕಂಡಕ್ಟರ್. ಬಸ್ಸುಗಳು ಡ್ರೈವರಿಲ್ಲದೆ ಓಡುವ ಕಾಲ ಬಂದಿದ್ದರೂ ಕಂಡಕ್ಟರಿಲ್ಲದ ಬಸ್ಸನ್ನು ಜನ ಒಪ್ಪಿರಲಿಲ್ಲ. ಜಗಳವಾಡಲು ಒಬ್ಬರಾದರೂ ಬೇಡವೇ? ಮೆರವಣಿಗೆಗೆ ಹೊರಟವರನ್ನು ಬಸ್ಸಿಗೆ ಹತ್ತಿಸಿಕೊಂಡನೆಂದು ಕೇಂದ್ರದ ಪೊಲೀಸರು ಅವನನ್ನು ಎಳೆದೊಯ್ದಿದ್ದರು. “ನಾವು ಯಾರನ್ನೂ ಹಿಡಿದಿಟ್ಟಿಲ್ಲ, ಉಗ್ರಾಣದಲ್ಲಿರುವುದು ಬರೀ ಗೋಧಿ” ಎಂದು ಸರ್ಕಾರ ಪ್ರಮಾಣ ಮಾಡಿತ್ತು. ಒಕ್ಕೂಟದವರು ಬೆಂಬಿಡದ ಬೇತಾಳದಂತೆ ಕಾಡಿ ಈ ಪರೀಕ್ಷೆಗೆ ಆಜ್ಞೆ ತಂದರು. ಬಾಗಿಲು ತೆರೆದಾಗ ಒಳಗೆ ನಿಜಕ್ಕೂ ಗೋಧಿಯೇ ಇತ್ತು. ಇನ್ನು ಗೋಡೆಯೂ ಸುಮ್ಮನಿದ್ದರೆ ದಾವೆ ಮುಗಿದಂತೆ.

“ಆಡಿದ್ದೆಲ್ಲಾ ಕೇಳಸ್ತದೇನ್ರಿ ಡಾಕ್ಟರಮ್ಮಾ?” ನೀಲವ್ವ ಮೆಲ್ಲಗೆ ಕೇಳಿದಳು.

“ಇಲ್ಲಮ್ಮಾ. ದನಿ ಬಡಿದಾಗ ಗೋಡೆಯ ಸುಣ್ಣದ ಕಣಗಳು ಕಣ್ಣಿಗೆ ಕಾಣದಷ್ಟು ಸರಿಯುತ್ತವೆ. ಒಂದೇ ಮಾತು ದಿನಾ ಬಡಿದರೆ ಮಾತ್ರ ಅಚ್ಚು ಉಳಿಯುತ್ತದೆ.”

ಸರ್ಕಾರದ ವಕೀಲರು ನಕ್ಕರು. “ದಿನಾ ಒಂದೇ ಮಾತನ್ನು ಯಾರು ಆಡುತ್ತಾರೆ ಸ್ವಾಮಿ?”

ನೀಲವ್ವನ ಮುಖ ಅರಳಿತು. “ನಮ್ಮ ಯಜಮಾನ್ರು ಆಡತಾರ್ರಿ! ನಿದ್ದಿಯೊಳಗೂ ಸ್ಟಾಪಿನ ಹೆಸರ ಕೂಗಿ ನನ್ನ ಎಬ್ಬಸ್ತಾರ!”

ಗೋಡೆ ಒಮ್ಮೆ ಕೆಮ್ಮಿತು. ಆಮೇಲೆ ಹಾಡಿದಂತೆ ಕೂಗಿತು: “ಅಣ್ಣಿಗೇರಿ, ಗದಗ, ಡಂಬಳ, ಮುಂಡರಗೀ... ಯಾರ್ರೀ ಟಿಕೆಟ್?”

ನೀಲವ್ವ ಅತ್ತಳು, ನಕ್ಕಳು. ಯಾವುದು ಮೊದಲೆಂದು ಅವಳಿಗೇ ತಿಳಿಯಲಿಲ್ಲ. ಇಷ್ಟು ಸಾಕೆಂದು ಐರಿನ್ ಯಂತ್ರಕ್ಕೆ ಕೈಹಾಕುವಷ್ಟರಲ್ಲಿ ಮಡಿವಾಳಪ್ಪನ ದನಿ ಮುಂದುವರಿಯಿತು: “ಹೆಸರ ಹೇಳ್ರಿ, ಸೀಟು ಹಿಡದಿರ್ತೀನಿ!”

“ಸುಳ್ಯಕ್ಕೊಂದು, ಪದ್ಮಯ್ಯ.”

“ಭಾಲ್ಕಿಗೆ, ಮಹಬೂಬ್.”

ದನಿಯ ಮೇಲೆ ದನಿ. ಒಕ್ಕೂಟದವರು ಹುಡುಕಿ ಬಂದದ್ದು ಒಬ್ಬನನ್ನು. ಸಿಕ್ಕಿದ್ದು ಒಂದು ಬಸ್ಸಿನಷ್ಟು ಜನ. ಕತ್ತಲಲ್ಲಿ ಕೂತವರು ದಿನವೂ ಬಸ್ಸಿನಾಟ ಆಡುತ್ತಾ ತಮ್ಮ ತಮ್ಮ ಊರಿಗೆ ಟಿಕೆಟ್ ಕೇಳುತ್ತಿದ್ದರು. ಕೊನೆಗೊಂದು ನಾಚಿಕೆಯ ದನಿ: “ಬದಾಮಿಗೂ ಒಂದ್ ಕೊಡ್ರಿ. ನಾ ಬಸಲಿಂಗ, ಕಾವಲಿನಾಂವ. ಸಾಹೇಬ್ರಿಗೆ ಹೇಳಬ್ಯಾಡ್ರಿ.”

ವಕೀಲರು ಗೋಧಿ ಮೂಟೆಯ ಮೇಲೆ ಕುಸಿದು ಕೂತರು. ಇಲ್ಲಿಂದ ಎಲ್ಲಿಗೆ ಸಾಗಿಸಿ ಬಚ್ಚಿಟ್ಟಿದ್ದರೂ ಎಲ್ಲರನ್ನೂ ಸಂಜೆಯೊಳಗೆ ತಂದು ಬಿಡುಗಡೆ ಮಾಡಬೇಕೆಂದು ನ್ಯಾಯಾಧೀಶರು ಅಲ್ಲೇ ಆಜ್ಞೆಯಿತ್ತರು.

ಒಬ್ಬನಿಗೆಂದು ಕಾರು ತಂದಿದ್ದ ಒಕ್ಕೂಟದವರು ಬಸ್ಸಿಗಾಗಿ ಓಡಾಡಿದರು. ಬಸ್ಸು ಬಂತು, ಬಿಡುಗಡೆಯಾದವರೂ ಬಂದರು. ಬಡಕಲಾಗಿದ್ದ ಮಡಿವಾಳಪ್ಪ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದ, ಆಮೇಲೆ ಹೋಗಿ ಬಸ್ಸಿನ ಬಾಗಿಲಲ್ಲಿ ನಿಂತ.

“ಇವತ್ತರ ಕೂಡ್ರಿ!” ಎಂದು ನೀಲವ್ವ ಗದರಿದಳು.

ಗೇಟಿನ ಬಳಿ ಒಬ್ಬಾತ ಟ್ರಂಕು ಹೊತ್ತು, ಅಳುಕುತ್ತ ಕೈ ಅಡ್ಡ ಹಿಡಿದಿದ್ದ. ಕಾವಲಿನ ಬಸಲಿಂಗ. ಬಸ್ಸಿನವರೆಲ್ಲ ಕಿಟಕಿಯತ್ತ ಬಗ್ಗಿದರು.

“ಹೋಲ್ಡಾನ್!” ಮಡಿವಾಳಪ್ಪ ಬಾಯಲ್ಲೇ ಸೀಟಿ ಹೊಡೆದ. “ಹತ್ರಿ ಬದಾಮಿ! ನನ್ನ ಸೀಟಿನಾಗ ಕೂಡ್ರಿ, ನಾ ಯಾವಾಗ ಕುಂತೀನಿ?”

ಗಂಡನಿಗೆಂದು ತಂದಿದ್ದ ರೊಟ್ಟಿಯ ಗಂಟನ್ನು ನೀಲವ್ವ ಬಿಚ್ಚಿದಳು. ಮೊದಲ ತುಂಡನ್ನು ಮುರಿದು ಬಸಲಿಂಗನ ಕೈಗಿಟ್ಟಳು.