ತೊಳೆದು ಬಂದ ಕ್ಯಾರಿಯರ್

"ಇನ್ನು ಎಷ್ಟು ಮೆಟ್ಟಿಲು ಉಂಟು ಇಲ್ಲಿ?"

ಯಾರನ್ನೂ ಕೇಳಿದ ಪ್ರಶ್ನೆಯಲ್ಲ ಅದು. ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ, ನಾಲ್ಕನೆಯ ಮಹಡಿಯ ತಿರುವಿನಲ್ಲಿ, ಎರಡೂ ಕೈಗಳಲ್ಲಿ ನಾಲ್ಕು ನಾಲ್ಕು ಊಟದ ಕ್ಯಾರಿಯರ್ ಹಿಡಿದು ನಿಂತವನೊಬ್ಬ ಗೋಡೆಗೆ ಹೇಳಿಕೊಂಡ ಮಾತು.

ಆದರೆ ಅದು ಕನ್ನಡದಲ್ಲಿತ್ತು. ಅದೂ ಉಡುಪಿ ಕಡೆಯ ಕನ್ನಡ.

ಮೇಲಿನಿಂದ ಇಳಿದು ಬರುತ್ತಿದ್ದ ವಿನೋದಾ ಅಲ್ಲೇ ನಿಂತಳು. ಇಪ್ಪತ್ತೇಳು ವರ್ಷದ ಅವಳು ಹುಟ್ಟಿದ್ದೂ ಓದಿದ್ದೂ ಚೆನ್ನೈಯಲ್ಲೇ. ಊರಿನ ಭಾಷೆ ಎಂದರೆ ಅವಳಿಗೆ ಟ್ರಿಪ್ಲಿಕೇನಿನ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ರಾಗವಾಗಿ ಓದುತ್ತಿದ್ದ ಪದ್ಯಗಳು. ಅಜ್ಜಿ ಹೋದ ಮೇಲೆ ಮನೆಯಲ್ಲೂ ಅರ್ಧ ತಮಿಳೇ. ಆ ದನಿಯ ಏರಿಳಿತವನ್ನು ಹೊರಗೆ ಎಲ್ಲೂ ಕೇಳಿರಲಿಲ್ಲ... ಇವತ್ತಿನವರೆಗೆ.

"ಇಪ್ಪತ್ತೆರಡು," ಎಂದಳು. "ಲಿಫ್ಟ್ ಉಂಟಲ್ಲ, ಅದ್ರಲ್ಲಿ ಬರ್ಬಹುದಿತ್ತು."

ಅವನು ಬೆಚ್ಚಿ ತಲೆಯೆತ್ತಿದ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಬಿದ್ದಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಲಿಫ್ಟಿನವ ಬಿಡುದಿಲ್ಲ. ಸಾಂಬಾರು ಚೆಲ್ತದಂತೆ."

"ಚೆಲ್ತದಾ?"

"ನಾನು ಬಿದ್ರೆ ಮಾತ್ರ."

ಅವಳು ನಕ್ಕಳು. ಅವನು ನಗಲಿಲ್ಲ, ನೋಡಿದ. ಆ ಒಂದು ನೋಟ ಅವಳ ಎದೆಯೊಳಗೆ ಎಲ್ಲಿ ಹೋಗಿ ಕುಳಿತಿತೋ, ಆ ದಿನ ಸಂಜೆಯವರೆಗೂ ಅವಳು ಒಂದೇ ಫೈಲನ್ನು ತೆರೆದಿಟ್ಟುಕೊಂಡು ಕುಳಿತಿದ್ದಳು.

ಅವನ ಹೆಸರು ಶ್ರೀಶ. ಮೈಲಾಪೂರಿನ ಒಂದು ಹೋಟೆಲಿನಲ್ಲಿ ಏಳು ವರ್ಷ ಪಾರ್ಸೆಲ್ ಕಟ್ಟುತ್ತಿದ್ದವನು. ಹೋಟೆಲಿನ ಕೆಲಸದವರು ಮಲಗುವ ಕೋಣೆ ಕಾಲುವೆಯ ಪಕ್ಕದಲ್ಲಿತ್ತು. ಒಂದು ಮಳೆಗಾಲದಲ್ಲಿ ಕಾಲುವೆಯ ನೀರು ಉಕ್ಕಿ ಕೋಣೆಯೊಳಗೆ ಬಂತು. ನೀರಿನ ಜೊತೆ ಸಾಂಬಾರು ಕಟ್ಟಿಕೊಟ್ಟ ಪ್ಲಾಸ್ಟಿಕ್ ಕವರುಗಳು ಬಂದವು, ರಾಶಿ ರಾಶಿ. ಒಂದನ್ನು ಎತ್ತಿ ನೋಡಿದ. ಬಾಯಿಗೆ ಸುತ್ತಿದ ದಾರದ ಗಂಟು ಅವನದೇ. ಎಡಚನಾದ ಅವನ ಹಾಗೆ ಇನ್ನಾರೂ ಆ ಗಂಟು ಹಾಕುತ್ತಿರಲಿಲ್ಲ.

ಆ ಗಂಟು ಅವನನ್ನು ಬಿಡಲಿಲ್ಲ. ಕೆಲಸ ಬಿಟ್ಟು, ಅದೇ ಹೋಟೆಲಿನ ಅಡುಗೆಯಿಂದ ನಿವೃತ್ತರಾಗಿದ್ದ ಸೋದರಮಾವ ಕಾಂತಪ್ಪನವರನ್ನು ಕಟ್ಟಿಕೊಂಡು, ಮೈಲಾಪೂರಿನ ದೇವಸ್ಥಾನದ ಕೆರೆಯ ಹಿಂದಿನ ಓಣಿಯಲ್ಲಿ ಒಂದು ಶೆಡ್ ಹಿಡಿದ. ಗಿರಾಕಿಯೊಬ್ಬರಿಗೆ ಎರಡೆರಡು ಸ್ಟೀಲ್ ಕ್ಯಾರಿಯರ್, ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ. ಸಾಗಿಸಲು ಸೈಕಲ್ಲು. ಎಸೆಯುವಂಥದ್ದು ಏನೂ ಇಲ್ಲ, ಪೆಟ್ರೋಲಿಲ್ಲ, ಸೈಕಲ್ ತುಳಿಯುವವರಿಗೆ ತಿಂಗಳ ಸಂಬಳ, ವಾರಕ್ಕೊಂದು ರಜೆ. ನಿಧಾನವಾಗಿ ಬೆಳೆದರೂ ಸರಿ, ಯಾರನ್ನೂ ಯಾವುದನ್ನೂ ಹಾಳು ಮಾಡದೆ ಹತ್ತಾರು ವರ್ಷ ನಿಲ್ಲುವ ಕೆಲಸ ಬೇಕು ಎಂದು ಅವನು ಹೇಳುವಾಗ, ದೇವರ ಮುಂದೆ ಹೇಳುವವನ ಹಾಗೆ ದನಿ ತಗ್ಗುತ್ತಿತ್ತು.

ಒಂದೇ ಒಂದು ಹಠ ಅವನಿಗೆ. ಉಂಡವರು ಪಾತ್ರೆ ತೊಳೆಯಕೂಡದು. ಹೋಟೆಲಿನಲ್ಲಿ ಪಳಗಿದವನು ಅವನು. ಉಣ್ಣಲು ಬಂದವರ ಕೈಗೆ ಎಂಜಲು ಪಾತ್ರೆ ತೊಳೆಯಲು ಕೊಡುವುದು ಅವನ ಮಟ್ಟಿಗೆ ಪಾಪಕ್ಕೆ ಸಮ.

ಮರುದಿನದಿಂದ ವಿನೋದಾಳಿಗೂ ಊಟ ಬರತೊಡಗಿತು. ಮೊದಲ ದಿನವೇ ಅವಳು ಕ್ಯಾರಿಯರಿನ ಮೇಲಿನ ಬಟ್ಟಲನ್ನು ಒರೆಸಿ, ಕಾಗದದಲ್ಲಿ ಸುತ್ತಿದ ಒಂದು ಅಚ್ಚು ಬೆಲ್ಲ ಇಟ್ಟು ಮುಚ್ಚಿದಳು. ಇದೆಂತ ಎಂದು ಮರುದಿನ ಅವನು ಕೇಳಿದ.

"ಪಾತ್ರೆ ಬರಿದು ಕಳಿಸ್ಬಾರ್ದಲ್ಲ. ನಿಮ್ಮ ಮನೆಯಲ್ಲಿ ಇಲ್ವಾ ಹಾಗೆ?"

"ಉಂಟು," ಎಂದ. "ಮನೆಯೇ ಇಲ್ಲ ಈಗ."

ಅಂದಿನಿಂದ ಒಂದು ದಿನವೂ ಆ ಬಟ್ಟಲು ಬರಿದಾಗಿ ಹೋಗಲಿಲ್ಲ. ಬೆಲ್ಲ, ಎರಡು ಬಾಳೆಹಣ್ಣು, ದೇವಸ್ಥಾನಕ್ಕೆ ಹೋದ ದಿನ ಪ್ರಸಾದ. ಅವನೂ ಬೇರೆ ಕಟ್ಟಡಗಳಿಗೆ ಬೇರೆಯವರನ್ನು ಕಳುಹಿಸಿ, ಈ ಮೆಟ್ಟಿಲುಗಳನ್ನು ಮಾತ್ರ ತಾನೇ ಹತ್ತುತ್ತಿದ್ದ. ಮಾತು ಅರ್ಧ ನಿಮಿಷ. ಅಷ್ಟಕ್ಕಾಗಿ ಅವಳು ಇಪ್ಪತ್ನಾಲ್ಕು ಗಂಟೆ ಕಾಯುತ್ತಿದ್ದಳು.

*ನಾನು ಇಡುವುದು ಬೆಲ್ಲವಲ್ಲ ಎಂದು ಇವರಿಗೆ ತಿಳಿಯುತ್ತದೆಯೇ?*

ತಿಳಿಯಲಿಲ್ಲ. ಕರಾವಳಿಯ ಮನೆಗಳಲ್ಲಿ ನೆರೆಮನೆಯ ಮಜ್ಜಿಗೆ ಪಾತ್ರೆಯೂ ಬರಿದಾಗಿ ಹೋಗುವುದಿಲ್ಲ. ಯಾರಿಗಾದರೂ ಇಡುತ್ತಿದ್ದಳು, ನನಗೂ ಇಟ್ಟಳು ಎಂದೇ ಅವನು ತನಗೆ ತಾನು ಬುದ್ಧಿ ಹೇಳಿಕೊಂಡ. ಆದರೂ ಆ ಬೆಲ್ಲವನ್ನು ಯಾರಿಗೂ ಕೊಡುತ್ತಿರಲಿಲ್ಲ.

ಅದು ಎರಡು ಸಾವಿರದ ಎರಡರ ಕೊನೆ. ಮಳೆ ಕೈಕೊಟ್ಟ ವರ್ಷ. ಮಾರ್ಚಿಗೆ ಓಣಿಯ ನಲ್ಲಿಗಳು ಒಣಗಿದವು. ಲಾರಿ ನೀರಿಗೆ ಬಣ್ಣ ಬಣ್ಣದ ಕೊಡಗಳ ಸಾಲು ನಸುಕಿನಲ್ಲೇ ಶುರುವಾಗುತ್ತಿತ್ತು.

ತೊಂಬತ್ತು ಕ್ಯಾರಿಯರ್, ಒಂದೊಂದಕ್ಕೆ ಮೂರು ಬಟ್ಟಲು. ತೊಳೆಯಲು ಆ ಲಾರಿಯ ನೀರಲ್ಲದೆ ಬೇರೆ ನೀರೆಲ್ಲಿಂದ?

ಒಂದು ಬೆಳಗ್ಗೆ ಎದುರು ಮನೆಯ ಗುಣವತಿ ಬಂದು, ತನ್ನ ಖಾಲಿ ಕೊಡವನ್ನು ಅವನ ಶೆಡ್ಡಿನ ಬಾಗಿಲಲ್ಲಿಟ್ಟು ಸುಮ್ಮನೆ ನಿಂತಳು. ಒಳಗೆ ಅವನು ಪಾತ್ರೆ ತೊಳೆಯುತ್ತಿದ್ದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೊಟ್ಟಿಯಲ್ಲಿದ್ದ ನೀರನ್ನೆಲ್ಲ ಅವಳ ಕೊಡಕ್ಕೆ ಸುರಿದ. ಆ ದಿನ ಅರ್ಧದಷ್ಟು ಜನರಿಗೆ ಊಟ ಹೋಗಲಿಲ್ಲ.

ಯಾರನ್ನೂ ಹಾಳು ಮಾಡದ ಕೆಲಸ ಎಂದಿದ್ದನಲ್ಲ... ಓಣಿಯ ಕುಡಿಯುವ ನೀರನ್ನೇ ಅವನ ಕೆಲಸ ಕುಡಿಯುತ್ತಿತ್ತು.

ಅದೇ ಹೊತ್ತಿಗೆ ವ್ಯಾನುಗಳಲ್ಲಿ ಊಟ ತರುವ ಹೊಸ ಕಂಪನಿಯೊಂದು ಬಂತು. ಉಂಡು ಎಸೆಯುವ ಡಬ್ಬಿ. ತೊಳೆಯುವ ಮಾತೇ ಇಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿದರು. ಅವನ ಗಿರಾಕಿಗಳ ಪಟ್ಟಿ ಕೊಟ್ಟು, ಶೆಡ್ ಮುಚ್ಚಿ, ತಮ್ಮಲ್ಲಿ ಸೂಪರ್‌ವೈಸರ್ ಆಗಿ ಸೇರು ಎಂದು ಕಂಪನಿಯವರು ಹೇಳಿ ಕಳುಹಿಸಿದರು. ಅವನು ಉತ್ತರ ಕೊಡಲಿಲ್ಲ.

ಆ ದಿನಗಳಲ್ಲೇ ವಿನೋದಾ ತಿರುವಿನಲ್ಲಿ ನಿಂತು, ತನ್ನನ್ನು ನೋಡಲು ಕೊಯಮತ್ತೂರಿನಿಂದ ಗಂಡಿನ ಕಡೆಯವರು ಬಂದಿದ್ದರೆಂದು ಹೇಳಿದಳು. ಹೇಳಿ ಅವನ ಮುಖವನ್ನೇ ನೋಡಿದಳು. *ಒಂದು ಮಾತು... ಬೇಡ ಎಂಬ ಒಂದೇ ಮಾತು ಹೇಳಿ.*

"ಒಳ್ಳೇದಾಯ್ತು," ಎಂದು ಅವನು ಮೆಟ್ಟಿಲು ಇಳಿದುಹೋದ.

ಅವಳು ಹಳೆಯ ಫೈಲುಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತು ಬಂದ ಮೇಲೆ ಕ್ಯಾರಿಯರಿನಲ್ಲಿ ಎಂದಿನಂತೆ ಬೆಲ್ಲ ಇಟ್ಟಳು. ಸಂಜೆ ಮನೆಗೆ ಹೋಗಿ ಕೊಯಮತ್ತೂರಿನವರು ಬೇಡ ಎಂದು ಅಪ್ಪನಿಗೆ ಹೇಳಿದಳು. ಅದನ್ನು ಮಾತ್ರ ಶ್ರೀಶನಿಗೆ ಹೇಳಲಿಲ್ಲ. ಒಳ್ಳೆಯದಾಯ್ತು ಎಂದವನಿಗೆ ಏನೆಂದು ಹೇಳುವುದು?

ಏಪ್ರಿಲ್ ಕೊನೆಯಲ್ಲಿ ಒಂದು ದಿನ ಅವನು ಮೆಟ್ಟಿಲು ಹತ್ತಿ ಬಂದಾಗ ಅವಳ ಕುರ್ಚಿ ಖಾಲಿಯಿತ್ತು. ಪಕ್ಕದ ಮೇಜಿನ ಜಯಲಕ್ಷ್ಮೀ, ವಿನೋದಾ ರಜೆಯ ಮೇಲಿದ್ದಾಳೆ, ಬರುವುದು ತಿಂಗಳಾಗುತ್ತದೆ, ಊಟ ಮಾತ್ರ ನಿಲ್ಲಿಸಬಾರದೆಂದು ಹೇಳಿದ್ದಾಳೆ ಎಂದಳು. ತಿಂಗಳ ರಜೆ ಹುಡುಗಿಯರು ಯಾತಕ್ಕೆ ಹಾಕುತ್ತಾರೆಂದು ಅವನಿಗೆ ಗೊತ್ತಿತ್ತು. ಹೆಚ್ಚು ಕೇಳಲಿಲ್ಲ.

ಸಂಜೆ ಶೆಡ್ಡಿನಲ್ಲಿ ಆ ಕ್ಯಾರಿಯರಿನ ಮೇಲಿನ ಬಟ್ಟಲು ತೆರೆದ.

ಬರಿದಾಗಿತ್ತು.

ಮರುದಿನವೂ ಬರಿದು. ಅದರ ಮರುದಿನವೂ. ನೀರಿಲ್ಲದೆ, ಗಿರಾಕಿಗಳಿಲ್ಲದೆ ನಿಂತಿದ್ದವನು ಈ ಬರಿದಾದ ಬಟ್ಟಲಿನ ಮುಂದೆ ಕುಸಿದ. ಶಾಸ್ತ್ರಕ್ಕಾದರೂ ಇಡುತ್ತಿದ್ದವಳು, ಊಟ ನಿಲ್ಲಿಸಬಾರದೆಂದು ಹೇಳಿ ಹೋದವಳು, ಬೆಲ್ಲ ಇಡಲು ಮಾತ್ರ ಯಾರಿಗೂ ಹೇಳದೆ ಹೋದಳು. ಇನ್ನು ಬರಬೇಡ ಎಂದು ಇದಕ್ಕಿಂತ ಮೆಲ್ಲಗೆ ಹೇಳುವುದು ಹೇಗೆ? ಆಮೇಲೆ ಆ ಮೆಟ್ಟಿಲುಗಳನ್ನು ಅವನು ಹತ್ತಲಿಲ್ಲ. ಸೈಕಲ್ ತುಳಿಯುವವರಲ್ಲಿ ಎಲ್ಲರಿಗಿಂತ ವಯಸ್ಸಾದ ಸತ್ಯನಾರಾಯಣರನ್ನು ಕಳುಹಿಸಿದ. ಕಂಪನಿಯವರಿಗೆ ಆಗಲಿ ಎಂದು ಹೇಳಿದ.

ಅತ್ತ ಟ್ರಿಪ್ಲಿಕೇನಿನಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಒಳಗೆ ವಿನೋದಾ ಮೈತುಂಬ ಸೀತಾಳೆ ಸಿಡುಬಿನ ಗುಳ್ಳೆಗಳೊಂದಿಗೆ ಚಾಪೆಯ ಮೇಲೆ ಮಲಗಿದ್ದಳು. ಜ್ವರ ಇಳಿದಾಗಲೆಲ್ಲ ಒಂದೇ ಚಿಂತೆ. ಅವರು ಹೇಗಿದ್ದಾರೋ... ಮಧ್ಯಾಹ್ನ ಉಂಡಿದ್ದಾರೋ...

ಮೇ ಕೊನೆಯಲ್ಲಿ ಅವಳು ಕಚೇರಿಗೆ ಬಂದ ದಿನ ಊಟ ಬರಲಿಲ್ಲ. ನಾಳೆಯಿಂದ ಇಲ್ಲವೆಂದು ಸತ್ಯನಾರಾಯಣ ನಿನ್ನೆಯೇ ಹೇಳಿ, ಕಣ್ಣೊರೆಸಿಕೊಂಡು ಊರಿಗೆ ಹೋದರಂತೆ. ಅರ್ಧ ದಿನ ರಜೆ ಬರೆದಿಟ್ಟು ಅವಳು ಬಸ್ಸು ಹತ್ತಿದಳು.

ಶೆಡ್ಡಿನ ಬಾಗಿಲಲ್ಲಿ ಕಾಂತಪ್ಪ ಕುಳಿತಿದ್ದರು. "ಇವತ್ತು ಊಟ ಇಲ್ಲ ಅಮ್ಮಾ," ಎಂದರು.

"ಊಟಕ್ಕೆ ಬಂದದ್ದಲ್ಲ ನಾನು."

ಅವರು ಅವಳನ್ನು ಒಮ್ಮೆ ನೋಡಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಗೆ ನಡೆದರು.

ಒಳಗೆ ಕ್ಯಾರಿಯರುಗಳನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿ ಗೋಡೆಗೆ ಒರಗಿಸಿತ್ತು. ಸೈಕಲ್ಲುಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿತ್ತು. ಮೇಜಿನ ಮುಂದೆ ಶ್ರೀಶ, ಎದುರಿಗೊಂದು ಛಾಪಾ ಕಾಗದ. ಅವಳ ಹಣೆಯ, ಕೆನ್ನೆಯ ಕಲೆಗಳನ್ನು ನೋಡಿ ಅವನು ಎದ್ದು ನಿಂತ.

"ಮುಖಕ್ಕೆ ಎಂತ ಆಯ್ತು?"

"ಅಮ್ಮ ಆಗಿತ್ತು. ತಿಂಗಳು ಮಲಗಿದ್ದೆ."

"ಮದುವೆ ಅಂತ..."

"ಯಾರದ್ದು?"

ಅಜ್ಜಿ ಪದ್ಯ ಓದಿ ಮುಗಿಸಿ, ಅರ್ಥ ಹೇಳುವ ಮುನ್ನ ಒಂದು ಉಸಿರಿನಷ್ಟು ಹೊತ್ತು ಎಲ್ಲವೂ ನಿಂತಿರುತ್ತಿತ್ತು. ಹಾಗೆ ನಿಂತಿತು ಆ ಶೆಡ್ಡು.

"ನಿಮ್ಮ ಕ್ಯಾರಿಯರ್ ಬರಿದು ಬಂತು," ಎಂದ ಅವನು. ಮಕ್ಕಳು ದೂರು ಹೇಳುವ ದನಿ. "ಒಂದು ತಿಂಗಳು ಇಡೀ ಬರಿದು."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಊಟ ನಿಲ್ಲಿಸಿದರೆ ಇನ್ನೊಂದು ಗಿರಾಕಿ ಹೋಯಿತೆಂದು ಅವನು ಎದೆ ಒಡೆದುಕೊಂಡಾನೆಂದು, ತನ್ನ ಊಟವನ್ನು ಜಯಲಕ್ಷ್ಮೀ ಉಣ್ಣುವಂತೆ ಹೇಳಿದ್ದನ್ನು ತಿಳಿಸಿದಳು. ಜಯಲಕ್ಷ್ಮೀಗೆ ಬೆಲ್ಲದ ಶಾಸ್ತ್ರ ಗೊತ್ತಿಲ್ಲ. ಉಂಡ ಪಾತ್ರೆಯನ್ನು ಹಾಗೆಯೇ ಕೊಡಲು ನಾಚಿಕೆಯಾಗಿ ದಿನವೂ ಕಚೇರಿಯಲ್ಲೇ ತೊಳೆದು ಕಳುಹಿಸಿದ್ದಳು.

"ಬರಿದು ಅಂತ ನೋಡಿದ್ರಿ. ತೊಳ್ದಿತ್ತು ಅಂತ ನೋಡ್ಲಿಲ್ಲ."

ಅವನು ಗೋಣಿಚೀಲಗಳ ಕಡೆ ನೋಡಿದ.

"ಒಂದೇ ಚೊಂಬು ನೀರಂತೆ. ಅಷ್ಟೇ. ಎಲ್ಲರ ಹತ್ರ ಹೇಳಿದ್ರೆ ಎಲ್ಲರೂ ತೊಳ್ದು ಕೊಡ್ತಿದ್ರು. ಓಣಿಯ ನೀರು ಮುಟ್ಲಿಕ್ಕೇ ಇರ್ಲಿಲ್ಲ."

"ಉಂಡವರ ಹತ್ರ ತೊಳಿ ಅಂತ ಹೇಗೆ ಕೇಳುದು?"

"ನೀವು ಯಾರ ಹತ್ರ ಎಂತ ಕೇಳಿದ್ದುಂಟು?" ಎಂದಳು ಅವಳು. "ನನ್ನ ಹತ್ರವೂ ಕೇಳ್ಲಿಲ್ಲ. ಒಳ್ಳೇದಾಯ್ತು ಅಂದ್ರಿ. ಕೊಯಮತ್ತೂರಿನವ್ರನ್ನು ಬೇಡ ಅಂದದ್ದು ನಾನು... ಯಾರಿಗೋಸ್ಕರ ಅಂತ ತಿಳ್ಕೊಂಡ್ರಿ?"

ಶ್ರೀಶ ಕುಳಿತುಬಿಟ್ಟ. ನೆಲ ನೋಡುತ್ತ ಹೇಳಿದ.

"ಬೆಲ್ಲ ಬರ್ತಿದ್ದಾಗ ಅದು ಶಾಸ್ತ್ರ ಅಂತ ಇದ್ದೆ. ಬಾರದ ದಿನ ಗೊತ್ತಾಯ್ತು ವಿನೋದಾ... ನಂಗೆ ಅದು ಶಾಸ್ತ್ರ ಆಗಿರ್ಲಿಲ್ಲ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಯಾವ ಮಾತಿಗಾಗಿ ಇಷ್ಟು ದಿನ ಕಾದಿದ್ದಳೋ ಅದು ಬಂದಿತ್ತು, ಎಲ್ಲ ಮುಗಿದ ಈ ಜಾಗದಲ್ಲಿ. ಅವಳು ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಆ ಕೈಯನ್ನು ಕೆನ್ನೆಗೊತ್ತಿಕೊಂಡ. ಕಲೆಗಳಿದ್ದ ಕೈ. ಬೇವಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಉಳಿದದ್ದು ಹನ್ನೊಂದು ಜನ," ಎಂದ. "ಅಷ್ಟರಲ್ಲಿ ಏನೂ ನಡೆಯುದಿಲ್ಲ. ಸತ್ಯನಾರಾಯಣರನ್ನು ವಾಪಸ್ ಕರೆದ್ರೂ ಮುಂದಿನ ತಿಂಗಳ ಸಂಬಳಕ್ಕೆ ಏನು ಹೇಳ್ಲಿ? ನಾನು ಸೋತೆ."

ಅವಳು ಇಲ್ಲ ಎನ್ನಲಿಲ್ಲ. ಸೋತದ್ದು ನಿಜವೇ. ಗೋಣಿಚೀಲಗಳು ಕಣ್ಣೆದುರಿಗೇ ಇದ್ದವು. ಹನ್ನೊಂದು ಜನ ಮತ್ತೆ ನೂರು ಜನ ಆಗುವರೆಂದು ಯಾವ ದೇವರೂ ಅವಳಿಗೆ ಮಾತು ಕೊಟ್ಟಿರಲಿಲ್ಲ.

ಅವನು ಛಾಪಾ ಕಾಗದವನ್ನು ಅವಳ ಕಡೆಗೆ ಸರಿಸಿದ. ಗಿರಾಕಿಗಳ ಪಟ್ಟಿ ಕೊಟ್ಟು ವ್ಯಾನಿನ ಕಂಪನಿಗೆ ಸೇರುವ ಕರಾರು ಇದು, ನಾಲ್ಕು ಗಂಟೆಗೆ ಅವರು ಬರುತ್ತಾರೆ, ಇಬ್ಬರ ಸಾಕ್ಷಿ ಬೇಕು, ಮಾವ ಹಾಕಿಯಾಗಿದೆ, ಇನ್ನೊಂದು ಬಾಕಿ ಎಂದು ವಿವರಿಸಿದ.

"ನೀವು ಹಾಕಿ. ನಾಡಿದ್ದಿಂದ ನಂಗೊಂದು ಕೆಲಸ ಇರ್ತದೆ. ಭಾನುವಾರ ನಿಮ್ಮ ಅಪ್ಪನ ಹತ್ರ ಬಂದು ನಿಮ್ಮನ್ನು ಕೇಳ್ತೇನೆ. ಕೆಲಸ ಇಲ್ಲದವ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಭಾನುವಾರ... ಅವಳ ಕಣ್ಣೆದುರು ಆ ಭಾನುವಾರ ಬಂದು ನಿಂತಿತು. ಒಗೆದ ಅಂಗಿ ತೊಟ್ಟು ಮೆಟ್ಟಿಲು ಹತ್ತಿ ಬರುವ ಇವನು. ಒಳಗೆ ಕಾಫಿ ಸೋಸುವ ಅಮ್ಮ. ಒಂದು ಸಹಿಯಷ್ಟೇ ದೂರ. ಆ ಮೇಲೆ ಜೀವಮಾನವಿಡೀ ಇವನು ವ್ಯಾನಿನ ಪಕ್ಕದಲ್ಲಿ ನಿಂತು, ಎಸೆಯುವ ಡಬ್ಬಿಗಳನ್ನು ಎಣಿಸುತ್ತಿರುತ್ತಾನೆ. ಮನೆಗೆ ಬಂದು ತನ್ನ ಮುಖ ನೋಡಿ ನಗಲು ಯತ್ನಿಸುತ್ತಾನೆ.

ಅವನು ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ.

"ನಾನು ನಿಮ್ಮ ಹತ್ರ ಕೇಳುದು ಇದೇ ಮೊದಲು," ಎಂದ. "ನಮಗೋಸ್ಕರ."

ವಿನೋದಾ ಕಾಗದದ ಮೇಲೆ ತನ್ನ ಹೆಸರಿಗೆಂದು ಬಿಟ್ಟಿದ್ದ ಜಾಗವನ್ನು ನೋಡಿದಳು. ಕಣ್ಣೀರು ಬಿದ್ದು ಮಾವನ ಸಹಿಯ ಒಂದು ಅಕ್ಷರ ಹರಡಿತು. ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಭಾನುವಾರ ಹೀಗೇ ಬನ್ನಿ. ಅಪ್ಪ ಬೈದ್ರೆ ನಾನು ಪಕ್ಕದಲ್ಲೇ ನಿಂತಿರ್ತೇನೆ."

"ಮತ್ತೆ ಸಹಿ?"

"ಹಾಕುದಿಲ್ಲ."