ಶುಕ್ರವಾರ ಮಾತ್ರ ಹೆಚ್ಚು ಉರಿಯುವ ಎಣ್ಣೆ

“ರಿಜಿಸ್ಟರಿನಲ್ಲಿ ಸುಳ್ಳು ಬರೆದಿದ್ದೀರಿ, ವೀರೇಂದ್ರ ಅವರೇ.”

ಭದ್ರಾವತಿಯ ಆ ಚಿಕ್ಕ ಫೌಂಡ್ರಿಯಲ್ಲಿ, ಮಾಲೀಕ ಓಂಕಾರಪ್ಪನವರ ಎದುರಿಗೇ ಎಂಜಿನಿಯರ್ ಉಮಾಮಹೇಶ್ವರಿ ಹಾಗೆ ಅಂದುಬಿಟ್ಟಳು. ಕಬ್ಬಿಣ ಕರಗಿಸುವ ಫರ್ನೇಸ್ ನೋಡಿಕೊಳ್ಳುವ ವೀರೇಂದ್ರ ತಲೆ ತಗ್ಗಿಸಿ ನಿಂತ.

ಅದು 2004. ಎಣ್ಣೆ ಉಳಿಯಲಿ, ಹೊಗೆ ಇಳಿಯಲಿ ಎಂದು ಅವಳು ಕಂಪ್ಯೂಟರಿನೊಳಗೆ ಆ ಫರ್ನೇಸಿಗೊಂದು ಅವಳಿಯನ್ನು, ಅದರಂತೆಯೇ ನಡೆಯುವ ಲೆಕ್ಕದ ಮಾದರಿಯನ್ನು ಕಟ್ಟಿದ್ದಳು. ಇಲ್ಲಿ ಎಷ್ಟು ಎಣ್ಣೆ ಉರಿದರೆ ಅಲ್ಲೂ ಅಷ್ಟೇ ತೋರಬೇಕು. ವಾರದಲ್ಲಿ ಐದು ದಿನ ಎರಡೂ ಹೊಂದುತ್ತಿದ್ದವು. ಅವಳು ಶಿವಮೊಗ್ಗದಿಂದ ಬರುವ ಶುಕ್ರವಾರ ಮಾತ್ರ ನಿಜದ ಫರ್ನೇಸ್ ಹೆಚ್ಚು ಎಣ್ಣೆ ಕುಡಿದಿದೆ ಎನ್ನುತ್ತಿತ್ತು ರಿಜಿಸ್ಟರ್. ಆ ಹೆಚ್ಚಿನ ಎಣ್ಣೆ ಕಳವಾಗುತ್ತಿದೆ ಎಂದೇ ಅವಳು ತಿಳಿದಳು.

“ಸೋಮವಾರದಿಂದ ಬೇರೆಯವನನ್ನ ನಿಲ್ಲಿಸ್ತೀನಿ ಬಿಡಮ್ಮ,” ಎಂದರು ಓಂಕಾರಪ್ಪ.

ಗೆದ್ದ ಹಾಗೆ ಅನ್ನಿಸಲಿಲ್ಲ ಅವಳಿಗೆ. ಶಿವಮೊಗ್ಗದ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ವಾರವೆಲ್ಲ ಮಾತಿಗೊಬ್ಬರಿಲ್ಲ. ‘ಊಟ ಆಯ್ತಾ ಮೇಡಂ’ ಎಂದು ಕೇಳುತ್ತಿದ್ದವನು ಇವನೊಬ್ಬನೇ... ಅವನನ್ನೇ ಕಳೆದುಕೊಂಡೆನಾ?

ಹೊರಗೆ ಬಂದವಳನ್ನು ಮರಳು ಜರಡಿ ಹಿಡಿಯುತ್ತಿದ್ದ ಹಿರಿಯ ಕೆಲಸದಾಕೆ ಪುಷ್ಪಮ್ಮ ತಡೆದಳು.

“ಏನ್ ಮಾರಾಯ್ತಿ, ಅಷ್ಟು ಓದಿದೀಯ, ಇಷ್ಟು ತಿಳೀಲಿಲ್ವಾ? ಕಬ್ಬಿಣ ಕರಗಿ ಸಿದ್ಧ ಇದ್ರೂ ನಿನ್ನ ಬಸ್ಸು ಬರೋತನಕ ಆ ಮಾರಾಯ ವೀರೇಂದ್ರ ಎರಕ ಹೊಯ್ಯಲ್ಲ. ಆರದ ಹಾಗೆ ಎಣ್ಣೆ ಉರಿಸ್ಕೊಂಡು ಕಾಯ್ತಾನೆ. ನಮಗೂ ಅರ್ಧ ಗಂಟೆ ಪುಕ್ಕಟೆ ರಜಾ.”

ಉಮಾ ಒಳಗೋಡಿ ರಿಜಿಸ್ಟರ್ ತೆರೆದಳು. ಕರಗಿದ ಹೊತ್ತು, ಹೊಯ್ದ ಹೊತ್ತು... ಎರಡನ್ನೂ ಅವನು ನಿಮಿಷ ತಪ್ಪದೆ ಬರೆದಿದ್ದ. ಎಣ್ಣೆಯ ಸಾಲನ್ನಷ್ಟೇ ಓದಿದ್ದವಳು ತಾನು. ಕಾದ ಹೊತ್ತನ್ನು ಕಂಪ್ಯೂಟರಿಗೆ ಕೊಟ್ಟಳು. ಅವಳಿಗಳು ಹೊಂದಿಕೊಂಡವು. ಅವಳ ಕಣ್ಣು ತುಂಬಿತು.

“ತಪ್ಪು ನನ್ನದು ಸರ್. ಅವರು ಬರೆದಿದ್ದೆಲ್ಲ ನಿಜ,” ಎಂದು ಓಂಕಾರಪ್ಪನವರಿಗೆ ತೋರಿಸಿದಳು.

“ಹಂಗಾದ್ರೆ ಅವನೇ ಇರ್ಲಿ. ಕಾಯೋದೊಂದು ನಿಲ್ಲಿಸೋಕೆ ಹೇಳು,” ಎಂದರು ಅವರು.

ವೀರೇಂದ್ರ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ.

“ಯಾಕೆ ಹೇಳಲಿಲ್ಲ ನೀವು?”

“ಯಜಮಾನ್ರ ಎದುರು ಏನಂತ ಹೇಳ್ಲಿ ಮೇಡಂ... ಎರಕ ಹೊಯ್ಯೋವಾಗ ಬಿಟ್ರೆ ನೀವು ನಕ್ಕಿದ್ದನ್ನ ನಾನು ನೋಡೇ ಇಲ್ಲ. ಅದು ನಿಮಗೆ ತಪ್ಪಿಹೋಗಬಾರ್ದು ಅಂತ.”

“ಇನ್ನು ಕಾಯಬೇಡಿ. ಎಣ್ಣೆ ಸುಮ್ಮನೆ ಸುಟ್ಟುಹೋಗುತ್ತೆ.”

ಅವನ ಮುಖ ಬಾಡಿತು. “ಆಯ್ತು ಮೇಡಂ.”

“ಇಲ್ಲೇ ಭದ್ರಾವತಿ ಓಲ್ಡ್ ಟೌನಲ್ಲಿ ಬಾಡಿಗೆಗೆ ಮನೆ ಸಿಗುತ್ತಾ? ಈ ಬಸ್ಸಿನ ಗೊಡವೆ ಸಾಕು ನನಗೆ.”

ಅವನು ನಲ್ಲಿ ನಿಲ್ಲಿಸಿದ.

“ಒಬ್ಬರಿಗಾ?”

“ಸದ್ಯಕ್ಕೆ,” ಎಂದಳು ಉಮಾ.